ಮಾತೆಯ ಸೀರೆಯ ನೀಲಿ

ಗೋಡೆಯ ಮೇಲೆ ಚಿತ್ರಿಸಿದ್ದ ಮಾತೆ ಮೈಸೂರು ರೇಷ್ಮೆ ಉಟ್ಟಿದ್ದಳು. ಕಡುನೀಲಿ ಸೀರೆ, ಸಣ್ಣ ಜರಿಯ ಅಂಚು, ತಲೆಯ ಮೇಲೆ ಸೆರಗು. ಮೊಣಕಾಲಿನಿಂದ ಕೆಳಗೆ ಮಾತ್ರ ನೀಲಿ ಹೋಗಿ, ಬೂದಿ ಬಳಿದ ಹಾಗೆ ಮಾಸಿತ್ತು.

ವೇದವತಿ ಮಹಿಳಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದಳು. ನಂಜನಗೂಡು ರಸ್ತೆಯ ಬದಿಯ ಗುಡ್ಡದ ಮೇಲೆ ಈಚೆಗೆ, ಐವತ್ತಾರನೇ ಇಸವಿಯಲ್ಲಿ, ಎದ್ದಿದ್ದ ಈ ಕ್ರೈಸ್ತ ಯಾತ್ರಾಸ್ಥಳಕ್ಕೆ ಅವಳು ಬಿ.ಎಸ್ಸಿ. ಹುಡುಗಿಯರನ್ನು ಕರೆತಂದಿದ್ದಳು, ಬಣ್ಣಗಳ ಪಾಠವನ್ನು ಗೋಡೆಯ ಮೇಲೇ ತೋರಿಸೋಣವೆಂದು. ಸಾಮಾನ್ಯವಾಗಿ ಅವಳು ತೂಗಿ ನೋಡದೆ ಮಾತಾಡುವವಳಲ್ಲ. ಅಂದು ಹುಡುಗಿಯರ ಉತ್ಸಾಹದಲ್ಲಿ ಅವಳೂ ಸ್ವಲ್ಪ ಸಡಿಲವಾದಳು.

“ಇದು ಪ್ರಷ್ಯನ್ ಬ್ಲೂ. ಸುಣ್ಣದ ಗೋಡೆಗೆ ಹಚ್ಚಿದ್ರೆ ಉಳಿಯಲ್ಲ. ಬಳಿದವರಿಗೆ ಅಷ್ಟೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.”

“ಎಲ್ಲಿ ಗೊತ್ತಾಗ್ಬೇಕು ಮೇಡಂ,” ಎಂದಿತು ಮೇಲಿನಿಂದ ಒಂದು ದನಿ. “ನಿಮ್ಮ ಕಾಲೇಜಲ್ಲಿ ಗಂಡಸರನ್ನ ಸೇರಿಸ್ಕೊಳ್ಳಲ್ವಲ್ಲ.”

ಏಣಿಯ ತುದಿಯಲ್ಲಿ ಕೂತು ದೇವದೂತನ ರೆಕ್ಕೆ ತಿದ್ದುತ್ತಿದ್ದವನು ಚಿತ್ರ ಬರೆದ ರಾಯಪ್ಪನೇ. ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದರು. ಅವನಿಗೆ ಕೋಪ ಬಂದಿರಲಿಲ್ಲ, ನಗುತ್ತಿದ್ದ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಅವನ ಎಡಹುಬ್ಬಿನ ಮೇಲೆ ನೀಲಿಯ ಒಂದು ಗೆರೆ ಇತ್ತು. ನೋಡಬಾರದೆಂದುಕೊಂಡು ಮತ್ತೆ ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅಲ್ಲಿನ ಫಾದರ್ ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ.

ಆ ವಾರವೇ ರಾಯಪ್ಪ ಕಾಲೇಜಿನ ಗೇಟಿಗೆ ಬಂದ. ಒಗೆದ ಶರ್ಟು, ಬಾಚಿದ ತಲೆ, ಕೈಯಲ್ಲೊಂದು ಕಾಗದದ ಪೊಟ್ಟಣ. ಸುದ್ದಿಯನ್ನು ಅವನು ಬೇರೆಯವರ ಮನೆಯದೆಂಬಂತೆ ಹೇಳಿದ. ಕಾಲೇಜಿನ ಮೇಡಮ್ಮೇ ಬಣ್ಣ ಕೆಟ್ಟದ್ದೆಂದ ಮೇಲೆ ಫಾದರ್‌ಗೆ ಅನುಮಾನ ಉಳಿದಿಲ್ಲ. ಹಬ್ಬದ ಧ್ವಜ ಏರುವ ಮೊದಲು ಗೋಡೆಗೆ ಪೂರ್ತಿ ಸುಣ್ಣ ಹೊಡೆಸುತ್ತಾರಂತೆ. ಹಾಗಾದರೆ ಇನ್ನು ಯಾವ ಚರ್ಚಿನವರೂ ಅವನಿಗೆ ಗೋಡೆ ಕೊಡುವುದಿಲ್ಲ.

ವೇದವತಿ ಗೇಟಿನಾಚೆ ಬಂದಳು. “ಬೈಯೋದಕ್ಕೆ ಬಂದ್ರಾ?”

“ಅಡ್ಮಿಷನ್‌ಗೆ ಬಂದೆ.” ಪೊಟ್ಟಣ ಮುಂದೆ ಹಿಡಿದ. “ನಾನು ಹಚ್ಚಿದ್ದು ಇದೇ ಪುಡಿ. ಸುಣ್ಣಕ್ಕೂ ಮಾಸದ ಅಲ್ಟ್ರಾಮರೀನ್ ಅಂದ್ರೆ ಫಾದರ್ ನಂಬ್ತಿಲ್ಲ. ನೀವು ನೋಡಿ ಹೇಳಿ. ಕೆಟ್ಟದ್ದಾದ್ರೆ ಕೆಟ್ಟದ್ದು ಅಂತಲೇ ಹೇಳಿ.”

ಪೊಟ್ಟಣ ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಕಿತು. ಇಬ್ಬರೂ ಅದನ್ನು ಗಮನಿಸದವರಂತೆ ನಿಂತರು.

ಲ್ಯಾಬಿನಲ್ಲಿ ಅವಳು ಸ್ವಲ್ಪ ಪುಡಿಯನ್ನು ಸುಣ್ಣದ ನೀರಿಗೆ ಹಾಕಿದಳು. ನೀಲಿ ಅಲ್ಲಾಡಲಿಲ್ಲ. ಇನ್ನೊಂದು ಟೆಸ್ಟ್ ಟ್ಯೂಬಿನಲ್ಲಿ ಆಸಿಡ್ ಬಿಟ್ಟಳು. ನೀಲಿ ಹಾರಿಹೋಗಿ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಅನುಮಾನವೇ ಇಲ್ಲ, ಅಲ್ಟ್ರಾಮರೀನ್. ಪ್ರಷ್ಯನ್ ಬ್ಲೂ ಆಗಿದ್ದರೆ ಗೋಡೆ ತುಕ್ಕಿನ ಬಣ್ಣಕ್ಕೆ ತಿರುಗಬೇಕಿತ್ತು. ಮಾಸುವುದಾದರೆ ಇಡೀ ಸೀರೆ ಮಾಸಬೇಕಿತ್ತು. ಕಣ್ಣೆದುರಿಗಿದ್ದದ್ದನ್ನು ನೋಡದೆ ಅವಳು ಪಾಠ ಹೇಳಿದ್ದಳು.

ಆದರೂ ಪ್ರಶ್ನೆ ಉಳಿಯಿತು. ಗುಡ್ಡದ ಮೇಲಿನ ಗೋಡೆಗೆ ಈ ನೀಲಿಯನ್ನು ತಿನ್ನುವ ಆಸಿಡ್, ಅಂಥ ಹುಳಿ, ಎಲ್ಲಿಂದ ಬಂತು?

ಶನಿವಾರ ಕ್ಲಾಸು ಮುಗಿಸಿ ಬಸ್ಸು ಹತ್ತಿದಳು. ಊಟದ ಹೊತ್ತು, ಫಾದರ್ ಮನೆಯೊಳಗಿದ್ದರು, ಗುಡಿ ಖಾಲಿ. ಗೋಡೆಯ ಹತ್ತಿರ ಯಾರು ಬರುತ್ತಾರೆಂದು ನೋಡಲು ಹಿಂದಿನ ಬೆಂಚಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ರಾಯಪ್ಪ ಬಂದು, ಅದೇ ಬೆಂಚಿನ ಆ ತುದಿಯಲ್ಲಿ ಕೂತ.

“ಪ್ರಾರ್ಥನೆಗೆ ಬಂದ್ರಾ?”

“ಕಾಯೋದಕ್ಕೆ.”

“ನಾನು ಊಟಕ್ಕೆ ಹೋಗಿದ್ದೆ. ಹೇಳಿದ್ರೆ ಬೇಗ ಬರ್ತಿದ್ದೆ.”

ಕಿವಿ ಬಿಸಿಯಾದದ್ದು ಅವನಿಗೆ ಕಾಣದಿರಲಿ ಎಂದು ಸೆರಗು ಸರಿಮಾಡಿಕೊಂಡಳು.

ಆಗ ದೇವಿರಮ್ಮ ಎಂಬ ಮುದುಕಿ ಒಳಗೆ ಬಂದಳು. ಅತ್ತಿತ್ತ ನೋಡಿ, ಮಡಿಲಿನಿಂದ ಕೊಯ್ದ ನಿಂಬೆಹಣ್ಣು ತೆಗೆದು, ಮಾತೆಯ ಪಾದದಿಂದ ಮೊಣಕಾಲಿನವರೆಗೆ ನಿಧಾನವಾಗಿ ಉಜ್ಜಿದಳು. ಬಳಿಕ ಅದೇ ಹೋಳನ್ನು ತನ್ನ ಮೊಣಕಾಲಿಗೆ ಒತ್ತಿಕೊಂಡಳು. ವೇದವತಿ ಎದ್ದು ಹೋಗಿ, ಹೀಗೇಕೆ ಮಾಡುತ್ತೀರೆಂದು ಮೆಲ್ಲಗೆ ಕೇಳಿದಳು.

“ನಮ್ಮೂರ್ ಮಾರಮ್ಮಂಗೂ ಇದೇಯ, ಈ ತಾಯ್ಗೂ ಇದೇಯ ಕಣವ್ವ. ಬ್ಯಾನೆಯ ಎಳ್ಕಂಬುಡ್ತಾಳೆ. ಆ ಸ್ವಾಮ್ಗೋಳು ನಿಂಬೆಹಣ್ಣ ತರ್ಬ್ಯಾಡಿ ಅಂತಾರೆ, ಅದ್ಕೇ ಅವ್ರು ಉಣ್ಣೋ ಹೊತ್ಗೆ ಬತ್ತೀವಿ. ನೀ ಅವ್ರ್ಗೆ ಏಳ್ಬುಟ್ಟೀಯಾ ಮತ್ತೆ.”

ರಾಯಪ್ಪ ಗೋಡೆಯನ್ನೂ ಮುದುಕಿಯ ಕೈಯನ್ನೂ ನೋಡಿದ. ದೂರುವುದಕ್ಕೆ ಅವನಿಗೆ ಈಗ ಒಬ್ಬರು ಸಿಕ್ಕಿದ್ದರು. ಅವನು ಅವಳ ಕೈ ಹಿಡಿದು ಬಾಗಿಲವರೆಗೆ ಬಿಟ್ಟುಬಂದ.

ಹೇಳಬೇಕಾದವಳು ವೇದವತಿ. ಫಾದರ್ ಊಟ ಮುಗಿಸಿ ಬಂದಾಗ ಯಾತ್ರಿಕರು ಒಬ್ಬೊಬ್ಬರಾಗಿ ಸೇರುತ್ತಿದ್ದರು. ಅವರೆಲ್ಲ ಹೋಗಲಿ ಎಂದು ಕಾಯಬಹುದಿತ್ತು. ಆದರೆ ಅಂದು ಅವನನ್ನು ಹಳಿದದ್ದು ನಾಲ್ಕು ಜನರ ಎದುರಿಗೇ.

“ಫಾದರ್, ಅವತ್ತು ನಾನು ಹೇಳಿದ್ದು ತಪ್ಪು. ಪರೀಕ್ಷೆ ಮಾಡದೆ ಊಹೆಯ ಮೇಲೆ ಹೇಳಿದೆ. ಇವರ ಬಣ್ಣ ಒಳ್ಳೇದು.”

ದೇವಿರಮ್ಮನ ಹೆಸರೆತ್ತದೆ ಹುಳಿಯ ವಿಷಯವನ್ನೂ ಹೇಳಿದಳು. ಫಾದರ್ ಬಹಳ ಹೊತ್ತು ಗೋಡೆ ನೋಡಿ, ಸುಣ್ಣ ಬೇಡ, ಕಬ್ಬಿಣದ ಕಂಬಿ ಹಾಕಿಸೋಣ, ಯಾರೂ ಮುಟ್ಟದ ಹಾಗೆ, ಎಂದರು.

“ಮುಟ್ಟೋಕೇ ಬರೋವ್ರು ಸ್ವಾಮಿ,” ಎಂದ ರಾಯಪ್ಪ. “ಸೀರೆ ಅಂಚನ್ನ ಕೈಗೆಟುಕದ ಹಾಗೆ ಮೇಲಕ್ಕೆ ಬರೀತೀನಿ. ಪಾದ ಕಲ್ಲಲ್ಲಿ ಕೆತ್ತಿಸಿ. ಏನು ಬೇಕಾದ್ರೂ ಉಜ್ಕೊಳ್ಳಲಿ.”

ಫಾದರ್ ತಡವಾಗಿಯಾದರೂ ತಲೆಯಾಡಿಸಿ ಒಪ್ಪಿದರು.

ಸಂಜೆ ವೇದವತಿ, ರಾಯಪ್ಪ ಇಬ್ಬರೂ ಗುಡ್ಡ ಇಳಿದರು. ಗೋಡೆ ಉಳಿದದ್ದರಿಂದ ಮಂಗಳೂರಿನ ಕಡೆಯ ಒಂದು ಹೊಸ ಯಾತ್ರಾಸ್ಥಳದ ಕೆಲಸವೂ ಅವನಿಗೆ ಉಳಿದಿತ್ತು. ಹಬ್ಬ ಮುಗಿದ ಮೇಲೆ ಹೊರಡಬೇಕು. ಅದನ್ನು ಹೇಳಿ ಹೆಜ್ಜೆ ನಿಧಾನಿಸಿದ.

“ಆ ಪುಡಿ ಪರೀಕ್ಷೆಗೆ ಮಾತ್ರ ನಾನು ಕಾಲೇಜಿಗೆ ಬಂದದ್ದಲ್ಲ.”

“ಗೊತ್ತು.”

“ಊಹೆಯೋ?”

“ಅಲ್ಲ. ನೋಡಿದ್ದು.”

ಅವನು ಮೊದಲ ಸಲ ನಗದೆ ಅವಳನ್ನು ನೋಡಿದ. “ಹಾಗಾದ್ರೆ ನಾನು ಕೇಳಬಹುದಾ, ವೇದವತಿಯವರೇ? ನನ್ನ ಜೊತೆ ಇರ್ತೀರಾ?”

ಲಕ್ಷ್ಮೀಪುರಂನ ಮನೆ, ಅರಮನೆಯ ಕಚೇರಿಯಿಂದ ನಿವೃತ್ತರಾದ ತಂದೆ ಶಾಮಣ್ಣನವರು, ಅಮ್ಮನ ಮಡಿ, ಮದುವೆಗಿದ್ದ ತಂಗಿ ಕಮಲ, ಬೀದಿಯ ಹೆಂಗಸರು. ಇವರೆಲ್ಲರ ಮಾತುಗಳನ್ನೂ ಅವಳು ಒಂದೊಂದಾಗಿ ಮೊದಲೇ ಕೇಳಿಸಿಕೊಳ್ಳಬಲ್ಲಳು. ಜೀವನವಿಡೀ ಹಾಗೆ ಕೇಳಿಸಿಕೊಂಡೇ ಬದುಕಿದವಳು. ಇಂದು ಮಧ್ಯಾಹ್ನ ಅಷ್ಟು ಜನರ ಎದುರು ತಪ್ಪೆಂದು ಹೇಳಿದಾಗಲೂ ಭಯವಿತ್ತು. ಭಯ ಹೋದ ಮೇಲೆ ಹೇಳಿದ್ದಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಅವಳು ಹೆಂಗಸರ ಸೀಟಿನಲ್ಲಿ ಕೂತಳು. ಉತ್ತರ ಸಿಗದ ರಾಯಪ್ಪ ಹಿಂದೆ ಹೋಗಿ ಕಂಬಿ ಹಿಡಿದು ನಿಂತ. ಅವನು ಮೊದಲೇ ಇಳಿದು ತನ್ನ ರೂಮಿಗೆ ಹೋಗಬೇಕಾದವನು. ಕಂಡಕ್ಟರ್ ಮೊದಲು ಅವಳ ಹತ್ತಿರ ಬಂದ.

ಅಪ್ಪ ಈ ಹೊತ್ತಿಗೆ ಜಗಲಿಯಲ್ಲೇ ಕೂತಿರುತ್ತಾರೆ, ಎಂದುಕೊಂಡಳು.

“ಲಕ್ಷ್ಮೀಪುರಂ. ಎರಡು ಕೊಡಿ.”

“ಇನ್ನೊಂದು ಯಾರ್ದಮ್ಮ?”

ವೇದವತಿ ಬಸ್ಸಿನಲ್ಲಿದ್ದವರೆಲ್ಲ ನೋಡುವಂತೆ ತಿರುಗಿ, ಕೈ ತೋರಿಸಿದಳು. “ಅಲ್ಲಿ ನಿಂತಿದ್ದಾರಲ್ಲ, ಅವರದ್ದು. ನಮ್ಮ ಮನೆಗೆ ಬರ್ತಿದ್ದಾರೆ.”