ಗುಂಡಿ ಸಾಹೇಬರ ಮೇಲೆ ಹೊಟ್ಟೆಕಿಚ್ಚು

ಈ ಕಥೆಯಲ್ಲಿ ದನಿಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ನಿಜ. ದನಿಗಳೆಲ್ಲ ನನ್ನವೇ, ಅಂದರೆ ಯಾವುದೂ ನನ್ನದಲ್ಲ. ಗಂಟಲು ಬಾಡಿಗೆಗೆ ಕೊಟ್ಟು ಬದುಕುವವನು ನಾನು. ನೀವು ಲಿಫ್ಟ್ ಹತ್ತಿದಾಗ 'ಬಾಗಿಲು ಮುಚ್ಚುತ್ತಿದೆ' ಎಂದು ಗಂಭೀರವಾಗಿ ಹೇಳುವವನು ನಾನು. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಹೇಳಿ, ನಿಮ್ಮನ್ನು ಫೋನಿನಲ್ಲಿ ಕಾಯಿಸಿ ಸತಾಯಿಸುವವನೂ ನಾನೇ. ಬೈದುಕೊಂಡಿದ್ದರೆ ಪರವಾಗಿಲ್ಲ, ಅಭ್ಯಾಸವಾಗಿದೆ.

ಅವಳು ಡಿಸೈನರ್. ಯಾವ ಕಂಪನಿಗೂ ಸೇರಿದವಳಲ್ಲ, ಫ್ರೀಲಾನ್ಸರ್. ಮಕ್ಕಳ ಕಥೆಯೊಂದಕ್ಕೆ ನಾನು ದನಿ ಕೊಡುತ್ತಿದ್ದೆ, ಅದರ ಮುಖಚಿತ್ರ ಬರೆಯಲು ಸ್ಟುಡಿಯೋಗೆ ಬಂದಿದ್ದಳು. ಗಾಜಿನ ಬಾಗಿಲಾಚೆ ಕೂತು ತೋಳ, ಅಜ್ಜಿ, ಪೊಲೀಸಪ್ಪ, ಮೇಕೆ ಎಲ್ಲರನ್ನೂ ಕೇಳಿಸಿಕೊಂಡಿದ್ದಳು. ಬಾಗಿಲು ತೆರೆದು ನಾನೊಬ್ಬನೇ ಹೊರಬಂದಾಗ ನನ್ನ ಹೆಗಲಿನಾಚೆ ಕತ್ತು ಚಾಚಿ ಇಣುಕಿದಳು.

"ಉಳಿದವರು?"

"ಒಳಗೇ ಇದ್ದಾರೆ," ಎಂದು ಎದೆ ತಟ್ಟಿಕೊಂಡೆ.

ಅವಳು ತುಟಿ ಬಿಚ್ಚಲಿಲ್ಲ, ಕಣ್ಣಲ್ಲಿ ಮಾತ್ರ ನಕ್ಕಳು. ಅಲ್ಲಿಗೆ ನನ್ನ ಕಥೆ ಮುಗಿಯಿತು, ಅಂದರೆ ಶುರುವಾಯಿತು. ಅವತ್ತೇ ನನಗೆ ಗಿಣಿ ಎಂದು ಹೆಸರಿಟ್ಟಳು. ನಾನು ಅವಳನ್ನು ಡಿಸೈನರಮ್ಮ ಎಂದೆ. ಇಬ್ಬರಿಗೂ ಆ ಹೆಸರೇ ನಿಂತಿತು.

ಅವಳ ದಿನಕ್ಕೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಬೆಳಗ್ಗೆಯೆಲ್ಲ ಲ್ಯಾಪ್‌ಟಾಪು, ಲೋಗೋ, ಆ್ಯಪು, ಕ್ಲೈಂಟುಗಳು. ಊಟವಾದ ಮೇಲೆ ಹಿಂದಿನ ಕೋಣೆ. ಅಲ್ಲಿ ಕೈಯಿಂದ ತಿರುಗಿಸುವ ಹಳೆಯ ಅಚ್ಚಿನ ಯಂತ್ರ, ಶಾಯಿ ಹಚ್ಚುವ ರೋಲರು, ಹಗ್ಗದ ಮೇಲೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಕಾಗದಗಳು. ಲಿನೋ ಎಂಬ ರಬ್ಬರಿನಂಥ ಹಾಳೆಯ ಮೇಲೆ ಸಣ್ಣ ಉಳಿಯಿಂದ ಚಿತ್ರ ಕೆತ್ತಿ, ಶಾಯಿ ಹಚ್ಚಿ, ಒಂದೊಂದಾಗಿ ಅಚ್ಚು ತೆಗೆಯುತ್ತಿದ್ದಳು. ಮೌಸಿಗೆ ಕೊಟ್ಟು ಉಳಿದ ಹೊತ್ತೆಲ್ಲ ಉಳಿಗೆ. ನನಗೆ ಸಿಗುತ್ತಿದ್ದದ್ದು ಇವೆರಡರಿಂದಲೂ ಉಳಿದದ್ದು.

ಮಧ್ಯಾಹ್ನದ ಹೊತ್ತು ನಾನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೈ ತುಂಬ ಶಾಯಿ, ನಿನ್ನ ಮಾತು ಮುಗಿಯುವಷ್ಟರಲ್ಲಿ ರೋಲರು ಒಣಗಿರುತ್ತದೆ ಎನ್ನುವುದು ಅವಳ ನೆಪ. ಒಪ್ಪಿಕೊಂಡಿದ್ದೆ. ಆದರೆ ಒಂದು ದಿನ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿರುವಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅವಳು ಮೊಣಕೈಯನ್ನು ಎತ್ತಿ, ಅದರ ತುದಿಯಿಂದ ಹಸಿರು ಗುರುತನ್ನು ಒತ್ತಿ, "ಹೇಳಿ ಸರ್," ಎಂದಳು. ಹೊಸ ಕ್ಲೈಂಟ್ ಇರಬಹುದಂತೆ.

ಆ ಮೊಣಕೈ ನನಗಾಗಿ ಒಮ್ಮೆಯೂ ಎದ್ದಿರಲಿಲ್ಲ.

ಮರುದಿನವೇ ಇನ್ನೊಂದು ಸಿಮ್ ಹಾಕಿಸಿದೆ. ಒಂದೇ ನಿಮಿಷ ಆಟವಾಡಿಸಿ, ಆಮೇಲೆ ನಾನೇ ಎಂದು ಹೇಳಿ ನಗಿಸುವ ಯೋಚನೆ. ಹಳೆಯ ಮರದ ಬೀರು ತೆರೆದಂಥ ಭಾರವಾದ, ನಿಧಾನದ ದನಿಯೊಂದನ್ನು ತೆಗೆದೆ. ವ್ಯಾಪಾರ ಯಾವುದು ಸರ್ ಎಂದು ಅವಳು ಕೇಳಿದಾಗ ತಡವರಿಸಿ ನನ್ನ ಅಂಗಿಯನ್ನೇ ನೋಡಿಕೊಂಡು, ಗುಂಡಿ ವ್ಯಾಪಾರ ಕಣಮ್ಮ, ಗುಂಡಿ ಮಾರ್ತೀನಿ, ಒಂದು ಲೋಗೋ ಬೇಕು ಎಂದೆ. ಅದು ನಾನೇ ತೋಡಿಕೊಂಡ ಗುಂಡಿ ಎಂದು ಆಗ ಹೊಳೆಯಲಿಲ್ಲ.

ಯಾಕೆಂದರೆ ಅವಳು ಆ ಮನುಷ್ಯನ ಮಾತನ್ನು ಅಷ್ಟು ಮೆತ್ತಗೆ, ಅಷ್ಟು ಗಮನವಿಟ್ಟು ಕೇಳುತ್ತಿದ್ದಳು. ಅವನು ಸುಮ್ಮನಾದರೆ ತಾನೂ ಸುಮ್ಮನಾಗಿ ಕಾಯುತ್ತಿದ್ದಳು. ವರ್ಷದಿಂದ ಒಡನಾಡಿಯೂ ಇಂಥ ಒಂದು ಮೌನ ನನ್ನ ಪಾಲಿಗೆ ಬಂದಿರಲಿಲ್ಲ. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಎಂದುಕೊಳ್ಳುತ್ತ ಕೊನೆಗೆ ನಾನು ಯಾರು ಎಂದು ಹೇಳದೆಯೇ ಫೋನ್ ಇಟ್ಟೆ.

ಎರಡು ದಿನದಲ್ಲಿ ಲೋಗೋದ ಮೊದಲ ಡ್ರಾಫ್ಟ್, ಗುಂಡಿ ವ್ಯಾಪಾರಕ್ಕೆಂದೇ ನಾನು ತೆರೆದಿದ್ದ ಹೊಸ ಮೇಲ್‌ಗೆ ಬಂತು. ಒಂದು ದುಂಡು ಗುಂಡಿ, ಅದರ ಎರಡು ತೂತುಗಳೇ ಕಣ್ಣು, ಇಳಿಬಿದ್ದ ದಾರವೇ ನಗು.  ಗುಂಡಿ ವ್ಯಾಪಾರಿಯ ಆ ಭಾರದ ದನಿಯಲ್ಲಿ ಫೋನ್ ಮಾಡಿ, ತುಂಬ ಚೆನ್ನಾಗಿದೆಯಮ್ಮ, ಒಂದು ಗೆರೆಯನ್ನೂ ಬದಲಾಯಿಸಬೇಡ ಎಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಕ್ಕಳು. ಕಣ್ಣಿನ ನಗು ಅಲ್ಲ, ತುಂಬು ಬಾಯಿಯ ನಗು.

ಅವತ್ತು ಸಂಜೆ ನಾನು ಹೋದರೆ ಬರೀ ಅದೇ ಸುದ್ದಿ. ಗುಂಡಿ ಸಾಹೇಬರಂತೆ. ಎಂಥ ದನಿಯಂತೆ. ಎಷ್ಟು ತಿಳಿವಳಿಕೆಯಂತೆ. ಈಗಿನ ಕಾಲದಲ್ಲಿ ಅಂಥವರು ಸಿಗುವುದಿಲ್ಲವಂತೆ. ಹೇಳುವಾಗ ಅವಳು ಕೂದಲಿಗೆ ಸಿಕ್ಕಿಸಿದ್ದ ಪೆನ್ಸಿಲು ಎಳೆದಳು, ತುರುಬು ಬಿಚ್ಚಿಕೊಂಡಿತು, ಕಟ್ಟಿಕೊಳ್ಳಲೂ ಇಲ್ಲ. ನನಗೆ ಮೊದಲ ಸಲ ಹೊಟ್ಟೆಯೊಳಗೆ ಏನೋ ಚುರ್ ಎಂದಿತು.

"ಆ ತರ ದನಿ ಇರೋರಿಗೆ ಹಲ್ಲು ಕಟ್ಟಿಸಿರ್ತಾರೆ," ಎಂದೆ.

"ಹಲ್ಲು ಕಟ್ಟಿಸಿದ್ರೂ ಮಾತು ಕಟ್ಟಲ್ವಲ್ಲ," ಎಂದಳು, ನನ್ನ ಕಡೆ ಓರೆನೋಟ ಬೀರಿ.

ಆಮೇಲೆ ಲಿನೋ ಹಾಳೆ ಬಂತು. ಗುಂಡಿಗಳನ್ನು ಕಟ್ಟಿಕೊಡಲು ಕಾಗದ ಬೇಕು ಎಂದು ಸಾಹೇಬರು ಮಾತಿಗೆ ಅಂದಿದ್ದೇ ತಡ, ಅದನ್ನು ಕೈಯಲ್ಲೇ ಅಚ್ಚು ಹಾಕಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದಳು. ನಿನ್ನ ಕೈಯ ಒಂದು ಅಚ್ಚು ನನಗೆ ಕೊಡು ಎಂದು ನಾನು ಎಷ್ಟು ದಿನದಿಂದ ಗೋಗರೆದಿದ್ದೆ. ನಿನ್ನ ಮುಖ ಒಂದು ಕಡೆ ನಿಲ್ಲಲ್ಲ, ಏನಂತ ಕೆತ್ತಲಿ ಎಂದು ತಳ್ಳಿಹಾಕುತ್ತಿದ್ದಳು. ಈಗ ಮುಖವೇ ಇಲ್ಲದವನಿಗಾಗಿ ಬಾಗಿ ಕೂತು, ನಾಲಿಗೆಯ ತುದಿಯನ್ನು ತುಟಿಯಂಚಿಗೆ ತಂದು, ಉಗುರಿಗಿಂತ ಚಿಕ್ಕ ಗುಂಡಿಗಳನ್ನು ಕೆತ್ತುತ್ತಿದ್ದಳು. ಉಳಿಯ ತುದಿಯಿಂದ ಎದ್ದ ಸುರುಳಿ ಸುರುಳಿ ಚೂರುಗಳು ಅವಳ ಮಡಿಲಿಗೆ ಬೀಳುತ್ತಿದ್ದವು. ಕೆನ್ನೆಗೆ ಶಾಯಿ ಮೆತ್ತಿದೆ ಎಂದು ಹೇಳಿದೆ. ಇರಲಿ ಬಿಡು, ಸಾಹೇಬರ ಬಣ್ಣ ಅದು ಎಂದಳು.

ಮನೆಯಲ್ಲಿ ಇನ್ನೊಂದು ಪಜೀತಿ. ನಾನಿರುವುದು ಅಕ್ಕನ ಮನೆಯಲ್ಲಿ. ನನ್ನ ಕೋಣೆಯಿಂದ ದಿನಾ ಭಾರಿ ದನಿ ಕೇಳಿಸಿಕೊಂಡ ಅಕ್ಕ, ಯಾರೋ ಹಿರಿಯರು ಬಂದಿದ್ದಾರೆಂದು ಸೆರಗು ಸರಿಮಾಡಿಕೊಂಡು ಎರಡು ಲೋಟ ಟೀ ತಂದಳು. ಒಬ್ಬನೇ ಕೂತಿದ್ದೆ. ವಿಷಯವನ್ನೆಲ್ಲ ಬಾಯಿ ಬಿಡಿಸಿದಳು. ಕೇಳಿ, ಸಾಹೇಬರ ಲೋಟವನ್ನು ತಾನೇ ಕುಡಿಯುತ್ತ ಕೂತಳು.

"ಅಂದ್ರೆ, ನಿನ್ನ ಮೇಲೆ ನಿನಗೇ ಹೊಟ್ಟೆಕಿಚ್ಚು."

"ನನ್ನ ಮೇಲಲ್ಲ ಅಕ್ಕ. ಅವನ ಮೇಲೆ."

"ಹಂಗಾದ್ರೆ ಅವನಿಗೆ ಹೇಳು, ನಮ್ಮ ತಮ್ಮನ ಹುಡುಗೀನ ಬಿಟ್ಬಿಡಪ್ಪ ಅಂತ," ಎಂದು ಲೋಟ ಎತ್ತಿಕೊಂಡು ಹೋದಳು.

ಅದನ್ನೂ ಮಾಡಿ ನೋಡಿದೆ. ಸಾಹೇಬರನ್ನು ಕೆಡಿಸಲು ಹೊರಟೆ. ಮಾತಿನ ನಡುವೆ ಕೆಮ್ಮಿಸಿದೆ, ಆಕಳಿಕೆ ತರಿಸಿದೆ, ತನ್ನ ಗುಂಡಿಗಳ ಬಗ್ಗೆ ಜಂಬ ಕೊಚ್ಚಿಸಿದೆ, ಕೊನೆಗೆ ಫೋನಿನಲ್ಲೇ ಗೊರಕೆ ಹೊಡೆಸಿದೆ. ಪಾಪ, ಸುಸ್ತಾಗಿದ್ದಾರೆ ಎಂದು ಅವಳು ಕರೆಯನ್ನು ಮೆಲ್ಲಗೆ, ಸದ್ದಾಗದ ಹಾಗೆ ಮುಗಿಸಿದಳಂತೆ. ಮರುದಿನ ನನ್ನ ಮುಂದೆಯೇ ವರ್ಣಿಸಿದಳು. ಒಮ್ಮೆ ನಾನು ಅವಳೆದುರು ತೂಕಡಿಸಿದ್ದಕ್ಕೆ ಮುಖಕ್ಕೆ ನೀರು ಎರಚಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳೇ ಸಾಹೇಬರಿಗೆ ಫೋನ್ ಮಾಡಿದಳು.

ಕೆಲಸದ ವಿಷಯವಲ್ಲ ಸರ್, ಒಂದು ಮಾತು ಕೇಳಬೇಕಿತ್ತು ಎಂದು ಶುರುಮಾಡಿದಳು. ದೂರದ ಊರಿನ ಮುದ್ರಣ ಕಾರ್ಯಾಗಾರವೊಂದು ಅವಳನ್ನು ಕರೆದಿದೆ. ಎರಡು ವರ್ಷ ಅಲ್ಲೇ ಇರಬೇಕು. ದೊಡ್ಡ ದೊಡ್ಡ ಯಂತ್ರಗಳಿವೆ, ಕಲಿಸುವವರಿದ್ದಾರೆ. ಲ್ಯಾಪ್‌ಟಾಪಿನ ಕೆಲಸವನ್ನು ಎಲ್ಲಿಂದಾದರೂ ಮಾಡಬಹುದು, ಆದರೆ ಕೈಕೆಲಸ ಕಲಿಯಲು ಅಲ್ಲಿಗೇ ಹೋಗಬೇಕು. ಈ ವಾರದಲ್ಲಿ ಉತ್ತರ ಕೊಡಬೇಕಂತೆ.

 ಹೋಗುತ್ತಾಳೆ ಎನ್ನುವುದಕ್ಕಿಂತ, ಇದನ್ನು ನನಗೆ ಹೇಳದೆ ಇವನಿಗೆ ಹೇಳಿದಳಲ್ಲ ಎನ್ನುವುದು ಹೆಚ್ಚು ಸುಟ್ಟಿತು.

ಸಾಹೇಬರು ಹೇಗೋ ಗಂಟಲು ಸರಿಮಾಡಿಕೊಂಡು, ಮತ್ತೆ ತಡ ಯಾಕಮ್ಮ ಎಂದು ಕೇಳಿದರು.

"ಒಬ್ಬ ಇದಾನೆ ಸರ್. ತುಂಬ ಇಷ್ಟ. ಮದುವೆ ಮಾಡ್ಕೋತೀಯಾ ಅಂತ ಕೇಳಿದಾನೆ ಕೂಡ. ಒಂದ್ಸಲ ಲಿಫ್ಟಿನ ದನೀಲಿ, ಒಂದ್ಸಲ ಹೆಡ್‌ಮಾಸ್ತರ ದನೀಲಿ, ಒಂದ್ಸಲ ಮೇಕೆ ದನೀಲಿ. ನಾನು ನಕ್ಕು, ಆಮೇಲೆ ಅವನ ಮುಖ ನೋಡ್ತಾ ಕಾಯ್ತೀನಿ. ಅವನು ಚಪ್ಪಾಳೆಗೆ ಕಾಯ್ತಿರ್ತಾನೆ."

ಸಾಹೇಬರು ಫೋನನ್ನು ಇನ್ನೊಂದು ಕಿವಿಗೆ ಹಿಡಿದರು.

"ನನ್ನ ಜೊತೆ ಬಾ ಅಂತ ಅವನನ್ನ ಕೇಳಬೇಕು. ಆದರೆ ಯಾರನ್ನ ಕೇಳಲಿ ಸರ್? ಉತ್ತರ ಯಾರ ದನೀಲಿ ಬರುತ್ತೆ? ನೀವೇ ಹೇಳಿ, ಕರೀಲಾ, ಬಿಟ್ಟು ಹೋಗ್ಲಾ?"

ನನ್ನ ಅವಸ್ಥೆ ನೋಡಿ. ಕರ್ಕೊಂಡು ಹೋಗಮ್ಮ, ಒಳ್ಳೆ ಹುಡುಗ ಎಂದು ಸಾಹೇಬರ ಬಾಯಿಂದ ಒಂದು ಮಾತು ಹೇಳಿಸಿದ್ದರೆ ಕೆಲಸ ಮುಗಿದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆಮೇಲೆ ಜೀವನವಿಡೀ ಅವಳು, ಸಾಹೇಬರು ಹೇಳಿದರು ಅಂತ ನಿನ್ನ ಕಟ್ಟಿಕೊಂಡೆ ಎನ್ನುತ್ತಾಳೆ. ಆ ಗೊರಕೆ ಸಾಹೇಬನ ಶಿಫಾರಸಿನ ಮೇಲೆ ನಾನು ಗಂಡನಾಗಬೇಕೆ? ಆಗಲ್ಲ. ಯೋಚನೆ ಮಾಡಿ ಹೇಳ್ತೀನಿ ಎಂದು ಗೊಣಗಿದೆ. ಹಾಗಾದರೆ ನಾಳೆ ಕಾಗದ ಒಯ್ಯಲು ನೀವೇ ಬನ್ನಿ ಸರ್, ಎದುರಿಗೆ ಕೂತು ಹೇಳಿ ಎಂದು ಫೋನ್ ಇಟ್ಟಳು.

ಮರುದಿನ ನಾನು ಹೋದೆ. ನಾನಾಗಿ ಹೋದೆ. ಅವಳು ಹೊರಗೆ ಹೋಗುವಾಗ ಮಾತ್ರ ಹಾಕುವ ಹಸಿರು ಕುರ್ತಾ ಹಾಕಿ, ಮೇಜು ಒರೆಸಿ, ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟಿದ್ದಳು. ಒಂದಕ್ಕೆ ಮೆತ್ತೆ ಬೇರೆ. ನಾನು ಬಂದಾಗಲೆಲ್ಲ ಕೂರುವುದು ಸ್ಟೂಲಿನ ಮೇಲೆ. ಆ ಮೆತ್ತೆ ನೋಡಿ ಮೈಯೆಲ್ಲ ಉರಿಯಿತು.

"ಈಗ ಬಂದ್ಯಾ? ಸಾಹೇಬರು ಬರೋ ಹೊತ್ತು. ಬೇಗ ಹೊರಡು," ಎಂದಳು.

"ಅವರು ಬರಲ್ಲ," ಎಂದೆ. ಹಾಳಾದದ್ದು, ಸಾಹೇಬರ ದನಿಯಲ್ಲೇ ಬಂತು. ಕೆಮ್ಮಿ ಮತ್ತೆ ಶುರುಮಾಡಿದೆ, ಲಿಫ್ಟ್ ಮಾತಾಡಿತು. ಅವಳು ರೋಲರಿಗೆ ಶಾಯಿ ಹಚ್ಚುತ್ತ ತಲೆ ತಗ್ಗಿಸಿಕೊಂಡೇ ಇದ್ದಳು. ಮೂರನೆಯ ಸಲಕ್ಕೆ ಬಂದದ್ದು ನನಗೇ ಗುರುತು ಸಿಗದ ಒಂದು ದನಿ. ಸಣ್ಣದು, ಸ್ವಲ್ಪ ಒಡಕು, ನಡುನಡುವೆ ಉಸಿರು ಸಾಲದ್ದು.

"ಆ ಮನುಷ್ಯ ನಾನೇ. ಸುಮ್ನೆ ಒಂದು ನಿಮಿಷದ ತಮಾಷೆ ಅಂತ ಮಾಡಿದೆ. ನೀನು ಅವನ ಜೊತೆ ಮಾತಾಡೋ ರೀತಿ ನೋಡಿ ಬಿಡಕ್ಕಾಗ್ಲಿಲ್ಲ. ಈಗ ಅವನನ್ನ ಕಂಡ್ರೆ ನಂಗೆ ಆಗಲ್ಲ. ನಿಂಗೆ ಕೋಪ ಬಂದ್ರೆ ಬರಲಿ. ಆದರೆ ನೀನು ಹೋಗೋದಾದ್ರೆ ನಾನೂ ಬರ್ತೀನಿ. ಮೈಕು ಎಲ್ಲಿಟ್ರೂ ಮೈಕೇ. ನೀನಿಲ್ದೆ ಇಲ್ಲಿ ನಾನು ಯಾರ ತರ ಮಾತಾಡಿ ಏನು ಮಾಡಲಿ? ಮದುವೆ ಆಗೋಣ. ಇದು... ಇದು ನಾನೇ ಕೇಳ್ತಿರೋದು."

ರೋಲರು ನಿಂತಿತು.

"ಇಷ್ಟು ಚೆನ್ನಾಗಿರೋ ದನೀನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದಳು. ಅವಳ ಕಣ್ಣು ತುಂಬಿತ್ತು, ತುಟಿ ಮಾತ್ರ ನಗು ತಡೆಯಲು ಒದ್ದಾಡುತ್ತಿತ್ತು. ಆ ತುಟಿ ನೋಡಿ ನನಗೆ ಅನುಮಾನ ಬಂತು.

"ನಿಂಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಮೊದಲ್ನೇ ಡ್ರಾಫ್ಟಿಂದ. ಒಂದು ಗೆರೆಯನ್ನೂ ಬದಲಾಯಿಸಬೇಡ ಅಂದ್ರಲ್ಲ ನಿಮ್ಮ ಸಾಹೇಬರು. ಈ ಕೆಲಸಕ್ಕೆ ಬಂದಾಗಿಂದ ನೋಡ್ತಿದೀನಿ, ಲೋಗೋ ಸ್ವಲ್ಪ ದೊಡ್ಡದು ಮಾಡಿ ಅಂತ ಕೇಳದೇ ಇರೋ ಕ್ಲೈಂಟು ಇನ್ನೂ ಹುಟ್ಟಿಲ್ಲ ಕಣೋ. ಬಣ್ಣ ಬದಲಾಯಿಸಿ ಅನ್ನಲಿಲ್ಲ, ನಮ್ಮ ಭಾವಮೈದನಿಗೆ ತೋರಿಸಿ ಹೇಳ್ತೀನಿ ಅನ್ನಲಿಲ್ಲ. ನೋಡಿದ ಕೂಡಲೇ ಮೆಚ್ಚಿಬಿಟ್ರು. ಹಂಗೆ ಮೆಚ್ಚೋನು ನನ್ನ ಪಾಲಿಗೆ ಒಬ್ಬನೇ ಇರೋದು."

ಅಂದರೆ ಹಲ್ಲಿನ ಮಾತು, ಬಿಚ್ಚಿದ ತುರುಬು, ಕೆನ್ನೆಯ ಶಾಯಿ, ಗೊರಕೆಗೆ ಪಾಪ ಎಂದದ್ದು, ಈ ಮೆತ್ತೆ, ಎಲ್ಲವೂ ನನ್ನನ್ನು ಹದವಾಗಿ ಹುರಿಯಲು. ನಾನು ಅವಳನ್ನು ಆಟವಾಡಿಸುತ್ತಿದ್ದೇನೆ ಎಂದುಕೊಂಡಿದ್ದಷ್ಟೂ ದಿನ ಅವಳು ಉಳಿ ಹಿಡಿದು ನನ್ನನ್ನೇ ಕೆತ್ತುತ್ತಿದ್ದಳು. ಅಷ್ಟೇ ಅಲ್ಲ, ಆ ಕಾರ್ಯಾಗಾರದವರಿಗೆ ಉತ್ತರ ಹೋಗಿ ಆಗಲೇ ನಾಲ್ಕು ದಿನವಾಗಿತ್ತಂತೆ: ಬರುತ್ತೇನೆ, ಇಬ್ಬರಿಗೆ ಸಾಕಾಗುವ ಮನೆ ನೋಡಿಡಿ, ಒಬ್ಬರು ದಿನವಿಡೀ ಮಾತಾಡುತ್ತಾರೆ, ಗೋಡೆ ದಪ್ಪ ಇರಲಿ.

"ಮತ್ತೆ ನಾನು ಕೇಳದೇ ಇದ್ದಿದ್ರೆ?" ಎಂದೆ.

ಅವಳು ರೋಲರು ಕೆಳಗಿಟ್ಟು, ಶಾಯಿ ಮೆತ್ತಿದ ಎರಡೂ ಕೈಗಳಿಂದ ನನ್ನ ಕೆನ್ನೆ ಹಿಡಿದು, ಹಣೆಗೆ ಹಣೆ ಒರಗಿಸಿ ನಿಂತಳು. ಈಗ ಅವಳು ಕಾಯಲಿಲ್ಲ. ನಾನೂ ಚಪ್ಪಾಳೆಗೆ ಕಾಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಅಂದಳು. "ಒಂದೇ ಬೇಜಾರು. ಸಾಹೇಬರು ಇನ್ನು ಫೋನ್ ಮಾಡಲ್ಲ."

ನಿಜ ಹೇಳುತ್ತೇನೆ, ಅಷ್ಟಾದ ಮೇಲೂ ಹೊಟ್ಟೆಯೊಳಗೆ ಚುರ್ ಎಂದಿತು. ಅದು ನನ್ನ ಮುಖದಲ್ಲಿ ಕಂಡಿರಬೇಕು; ಅವಳು ಬಿದ್ದು ಬಿದ್ದು ನಗತೊಡಗಿದಳು. ನಾನು ಸ್ವಲ್ಪ ಹೊತ್ತು ಬಿಗಿಯಾಗಿ ನಿಂತೆ. ನಾನೇ ಹುಟ್ಟಿಸಿದವನ ಮೇಲೆ, ಅವನು ಹೋದ ಮೇಲೂ, ಇನ್ನೂ ಉರಿಯುತ್ತ, ಎರಡೂ ಕೆನ್ನೆಗೆ ಶಾಯಿ ಮೆತ್ತಿಕೊಂಡು ನಿಂತ ನನ್ನನ್ನೇ ಕಿಟಕಿಯ ಗಾಜಿನಲ್ಲಿ ನೋಡಿದೆ. ಆಮೇಲೆ ತಡೆಯಲಾಗಲಿಲ್ಲ. ಹಗ್ಗದ ಮೇಲಿನ ಕಾಗದಗಳು ಅಲ್ಲಾಡುವಷ್ಟು ಜೋರಾಗಿ, ಅವಳ ನಗು ಮುಳುಗಿಹೋಗುವಷ್ಟು ಜೋರಾಗಿ ನಕ್ಕೆ. ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯಿಂದ ಇಣುಕಿ ನೋಡಿದರು. ಅವಳು ಹೊಟ್ಟೆ ಹಿಡಿದುಕೊಂಡು, ಸಾಕು ಮಾಡೋ ಎನ್ನುತ್ತಿದ್ದಳು. ನಾನು ಮೆತ್ತೆಯ ಕುರ್ಚಿಯ ಮೇಲೆ ದೊಪ್ಪನೆ ಕೂತು ನಗುತ್ತಲೇ ಇದ್ದೆ.