ಬಸ್ಸು ಬಂದ ಮೇಲೆ ನಿಜ

"ಫ್ಯಾಟಿಗ್ಯೂ," ಎಂದು ಗುಣವತಿ ಓದಿದಳು.

ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ. ಆಮೇಲೆ ಇಡೀ ತರಗತಿಯೇ ನಕ್ಕಿತು.

ಯೂಸ್ಟೇಸ್ ಸರ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅದನ್ನು ಫಟೀಗ್ ಎಂದು ಓದಬೇಕು, ಆಯಾಸ ಎಂದು ಅರ್ಥ ಎಂದು ಮೆಲ್ಲಗೆ ತಿದ್ದಿದರು. ಅಂದೇ ತರಗತಿಗೆ ಸೇರಿದ್ದ ಗುಣವತಿಯ ಕಿವಿ ಬಿಸಿಯಾಯಿತು. ಡಿಕ್ಷನರಿಯಲ್ಲಿ ಎಷ್ಟೋ ಸಲ ಕಂಡ ಶಬ್ದ ಅದು, ಯಾರ ಬಾಯಿಂದಲೂ ಕೇಳಿದ್ದಲ್ಲ. ಹಗಲಿಡೀ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕುಳಿತು ಅವಳು ಟೈಪ್ ಮಾಡುತ್ತಿದ್ದ ಇಂಗ್ಲಿಷು ಬೆರಳಿಗೆ ಗೊತ್ತಿತ್ತು, ನಾಲಗೆಗೆ ಗೊತ್ತಿರಲಿಲ್ಲ.

'ನಾಳೆಯಿಂದ ಬರುವುದೇ ಬೇಡ... ನನ್ನಂಥವಳಿಗೆ ಇದೆಲ್ಲ ಯಾಕೆ?'

ಮುಂದಿನ ಶಬ್ದ ಕಿಟಕಿಯ ಪಕ್ಕದ ಯುವಕನ ಪಾಲಿಗೆ ಬಂತು. ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಇಡೀ ಕೋಣೆಗೆ ಕೇಳುವಂತೆ ಓದಿದ.

"ಡೆಬ್ರಿಸ್."

ಈ ಸಲದ ನಗು ಇನ್ನೂ ಜೋರಾಗಿತ್ತು. ಯೂಸ್ಟೇಸ್ ಸರ್ ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು.

"ಎಂತ ಚಿತ್ತರಂಜನ, ನಿನ್ನೆ ನೀನೇ ಇದನ್ನು ಡೆಬ್ರೀ ಅಂತ ಸರಿಯಾಗಿ ಓದಿದ್ದಿಯಲ್ಲ?"

ಓಹೋ... ಹಾಗಾದರೆ ಬೇಕೆಂದೇ ತಪ್ಪು ಓದಿದ್ದು. ತನ್ನನ್ನು ಅಣಕಿಸಲಿಕ್ಕೇ ಎಂದು ಗುಣವತಿಗೆ ಖಾತ್ರಿಯಾಯಿತು. ತರಗತಿ ಬಿಟ್ಟ ಮೇಲೆ ಮೆಟ್ಟಿಲಿನಲ್ಲಿ ಅವನನ್ನು ನಿಲ್ಲಿಸಿದಳು. ಗುರುತಿಲ್ಲದ ಗಂಡಸರೊಡನೆ ಹಾಗೆ ಮಾತಾಡಿ ಅಭ್ಯಾಸವಿಲ್ಲದೆ ಅವಳ ಸ್ವರ ನಡುಗುತ್ತಿತ್ತು.

"ನನ್ನನ್ನು ತಮಾಷೆ ಮಾಡಲಿಕ್ಕೆ ಹಾಗೆ ಓದಿದ್ದಾ ನೀವು?"

"ಅಲ್ಲ ಮಾರಾಯ್ರೆ. ನಗುವವರಿಗೆ ಇನ್ನೊಬ್ಬ ಸಿಗಲಿ ಅಂತ ಓದಿದ್ದು."

ಗುಣವತಿ ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿದಳು.

ಮರುದಿನ ಅವಳು ತರಗತಿಗೆ ಬಂದಳು.

ಅದು ಎಪ್ಪತ್ತೆಂಟನೇ ಇಸವಿ. ಬಲ್ಮಠದಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಲಿನ ಕೋಣೆಯಲ್ಲಿ, ಬೆಂಗಳೂರಿನ ಮ್ಯಾನೇಜ್‌ಮೆಂಟ್ ಕೋರ್ಸಿನ ಪ್ರವೇಶ ಪರೀಕ್ಷೆಗೆಂದು ಸಂಜೆ ತರಗತಿ ನಡೆಯುತ್ತಿತ್ತು. ಲೆಕ್ಕಕ್ಕೆ ಗುಣವತಿ ಹೆದರುತ್ತಿರಲಿಲ್ಲ. ಹೆದರಿಕೆಯೆಲ್ಲ ಇಂಗ್ಲಿಷಿನದು. ವಿರುದ್ಧ ಪದಗಳು, ಬಿಟ್ಟ ಜಾಗ ತುಂಬುವ ಪದಗಳು, ಈ ಜೋಡಿಗೂ ಆ ಜೋಡಿಗೂ ಸಂಬಂಧ ಹುಡುಕುವ ಪ್ರಶ್ನೆಗಳು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು ಅವಳು, ತಾನು ಅರ್ಧವೇ ಕಲಿತವಳು ಎಂಬ ಅಳುಕು ಹೋಗಿರಲಿಲ್ಲ. ಬರೆದ ಉತ್ತರವನ್ನು ಎರಡೆರಡು ಸಲ ನೋಡುವಳು, ಅಳಿಸುವಳು, ಪುನಃ ಅದನ್ನೇ ಬರೆಯುವಳು.

ತೊಕ್ಕೊಟ್ಟಿನ ಮನೆಯಲ್ಲಿ ಬೀಡಿ ಕಟ್ಟಿ ಅವಳನ್ನು ಓದಿಸಿದ ಅಮ್ಮ ಸುಂದರಿಗೆ ಈ ಪರೀಕ್ಷೆ ಎಂಥದ್ದೆಂದು ಸರಿಯಾಗಿ ಗೊತ್ತಿರಲಿಲ್ಲ. ಮದುವೆಯ ಮಾತು ತಂದ ನೆಂಟರಿಗೆಲ್ಲ, ನಮ್ಮ ಬಾಲೆಗೆ ಇನ್ನೊಂದು ಪರೀಕ್ಷೆ ಉಂಟು ಎಂದಷ್ಟೇ ಹೇಳಿ ಕಳಿಸುತ್ತಿದ್ದಳು.

ಚಿತ್ತರಂಜನ ಅತ್ತಾವರದ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಗುಮಾಸ್ತ. ಅವನೂ ಅದೇ ಪರೀಕ್ಷೆಗೆ ಕೂರುವವನು. ತರಗತಿ ಬಿಟ್ಟು ಇಳಿಜಾರಿನ ಕೆಳಗಿನ ಬಸ್ ಸ್ಟಾಪಿನವರೆಗೆ ಇಬ್ಬರದೂ ಒಂದೇ ದಾರಿ. ಅಲ್ಲಿಂದ ಅವನು ನಡೆದು ಹೋಗುತ್ತಿದ್ದ, ಅವಳು ಬಸ್ಸು ಹಿಡಿಯುತ್ತಿದ್ದಳು.

ವಿರುದ್ಧ ಪದಗಳು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳು ಒಂದು ಸಂಜೆ ಹೇಳಿಕೊಂಡಾಗ ಅವನು ಒಂದು ಆಟ ಹೂಡಿದ. ಮೆಟ್ಟಿಲು ಇಳಿದಲ್ಲಿಂದ ಪ್ರತಿಯೊಂದು ಮಾತನ್ನೂ ಉಲ್ಟಾ ಹೇಳಬೇಕು. ಬಿಸಿಲಿಗೆ ಚಳಿ, ಹಸಿವೆಗೆ ಹೊಟ್ಟೆ ತುಂಬಿದೆ.

"ಎಷ್ಟು ಹೊತ್ತು?" ಎಂದು ಅವಳು ಕೇಳಿದ್ದಳು.

"ನೀವು ಬಸ್ಸು ಬಂತು ಅಂತ ಹೇಳುವವರೆಗೆ. ಬಸ್ಸು ಬಂದ ಮೇಲೆ ನಿಜ."

ಅವನು ಯಾವಾಗಲೂ ರಸ್ತೆಗೆ ಬೆನ್ನು ಹಾಕಿ, ಅವಳ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಆದ್ದರಿಂದ ಬಸ್ಸು ಬಂತೆಂದು ಹೇಳುವುದು ಅವಳ ಕೆಲಸವಾಯಿತು.

ಆಟ ಅವರಿಬ್ಬರಿಗೂ ಒಗ್ಗಿಹೋಯಿತು. ಬೆವರು ಒರೆಸಿಕೊಳ್ಳುತ್ತಾ ಅವನು ಎಂತ ಚಳಿ ಎನ್ನುವನು. ಬಾಗಿಲಲ್ಲಿ ಜನ ನೇತಾಡುವ ಬಸ್ಸು ಹಾದುಹೋದರೆ ಪಾಪ, ಖಾಲಿ ಹೋಗ್ತಾ ಉಂಟು ಎಂದು ಅವಳು ಮರುಗುವಳು. ಪಕ್ಕದಲ್ಲಿ ನಿಂತವರು ಇವರನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಒಂದು ಸಂಜೆ ಅವನು ಬೇರೆಲ್ಲೋ ನೋಡುತ್ತಾ ಹೇಳಿದ.

"ಈ ಹಸಿರು ಸೀರೆ ನಿಮಗೆ ಸ್ವಲ್ಪವೂ ಒಪ್ಪುವುದಿಲ್ಲ."

ಬಸ್ಸು ನೇತ್ರಾವತಿಯ ಸೇತುವೆ ದಾಟುವಾಗ ಕಂಡಕ್ಟರ್ ದುಗ್ಗಪ್ಪ ಟಿಕೇಟಿಗಾಗಿ ಎರಡು ಸಲ ಕೂಗಬೇಕಾಯಿತು. ಅವಳು ಹೊಳೆಯ ಮೇಲಿನ ಕೆಂಪು ಬೆಳಕು ನೋಡುತ್ತಾ ಒಬ್ಬಳೇ ನಗುತ್ತಿದ್ದಳು.

ಆದರೂ ಅವಳು ಹಗಲಿಡೀ ಕಾಯುತ್ತಿದ್ದದ್ದು ಬಸ್ಸು ಬಂದ ಮೇಲಿನ ಆ ಒಂದು ನೇರ ಮಾತಿಗೆ. ಅದು ದೊಡ್ಡ ಮಾತೇನೂ ಅಲ್ಲ. ನಾಳೆ ಸಿಗುವ. ಕೊಡೆ ತನ್ನಿ. ಜಾಗ್ರತೆ ಹತ್ತಿ. ಆದರೆ ನಿಜವಾದ ಮಾತು...

ಯೂಸ್ಟೇಸ್ ಸರ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಎರಡು ಶಬ್ದ ಕೊಟ್ಟರೆ ಕೂಡಲೇ ಉತ್ತರಕ್ಕೆ ಕೈ ಹಾಕಬೇಡಿ, ಮೊದಲು ಅವುಗಳ ಸಂಬಂಧವನ್ನು ಒಂದು ವಾಕ್ಯದಲ್ಲಿ ಹೇಳಿ. ದೋಣಿಯನ್ನು ಹುಟ್ಟು ಮುಂದೆ ಸಾಗಿಸುತ್ತದೆ. ಬೀಗವನ್ನು ಕೀಲಿಕೈ ತೆರೆಯುತ್ತದೆ. ವಾಕ್ಯ ಆಗದಿದ್ದರೆ ಸಂಬಂಧವೂ ಇಲ್ಲ.

'ಗುಣವತಿ, ಚಿತ್ತರಂಜನ... ಇದಕ್ಕೆ ಎಂತ ವಾಕ್ಯ?'

ಅವಳು ಎಷ್ಟೋ ಸಲ ಕಟ್ಟಿ ನೋಡಿದಳು. ಪ್ರತಿ ಸಲವೂ ಕ್ರಿಯಾಪದದ ಹತ್ತಿರ ಬಂದು ನಿಂತುಬಿಡುತ್ತಿದ್ದಳು.

ಪರೀಕ್ಷೆ ಮುಗಿಯಿತು, ಸಂದರ್ಶನವೂ ಆಯಿತು. ಕೊನೆಗೆ ಸೀಟು ಸಿಕ್ಕಿದ್ದು ಗುಣವತಿಗೆ. ಚಿತ್ತರಂಜನನಿಗೆ ಸಿಗಲಿಲ್ಲ.

ಯೂಸ್ಟೇಸ್ ಸರ್ ಎಲ್ಲರಿಗೂ ಲಾಡು ಹಂಚಿದರು. ತನ್ನ ಲಾಡನ್ನು ಗುಣವತಿ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಎರಡು ವರ್ಷದ ಕೋರ್ಸು. ಹೋಗು ಎಂದು ಅಮ್ಮ ಹೇಳಿಯಾಗಿತ್ತು. ಆದರೆ ಇನ್ನೊಬ್ಬರು ಹೇಳುವುದು ಬಾಕಿ ಇತ್ತು. ಅವನೊಂದು ಮಾತು ಹೇಳಿದರೆ ಸಾಕು, ಆ ಮಾತು ಹಿಡಿದುಕೊಂಡು ತಾನು ಎಲ್ಲಿ ಬೇಕಾದರೂ ಇದ್ದೇನು ಎಂದು ಅವಳಿಗೆ ಅನ್ನಿಸುತ್ತಿತ್ತು.

ಆ ಸಂಜೆ ಇಬ್ಬರೂ ಇಳಿಜಾರು ಇಳಿದರು. ಸ್ಟಾಪಿನಲ್ಲಿ ಜನ ತುಂಬಿದ್ದರು. ಉಲ್ಟಾ ಮಾತು ಅವಳಿಗೆ ಇವತ್ತು ಬೇಡವಾಗಿತ್ತು. ಬಸ್ಸು ಬರಲಿ, ಆಮೇಲೆ ಕೇಳುವುದು ಎಂದು ಕಾದಳು. ಅವನ ಹೆಗಲಾಚೆಗೆ ತೊಕ್ಕೊಟ್ಟಿನ ಬಸ್ಸು ಇಳಿದು ಬಂದು ನಿಂತದ್ದು ಕಂಡಿತು. ಎದೆ ಬಡಿದುಕೊಳ್ಳುತ್ತಿತ್ತು.

"ನಾನು ಹೋದರೆ ನಿಮಗೆ ಎಂತ ಅನ್ನಿಸ್ತದೆ?"

ಅವನು ಅವಳ ಮುಖವನ್ನೇ ನೋಡುತ್ತಾ ಹೇಳಿದ.

"ಸಂತೋಷ. ನೀವು ಇಲ್ಲದಿದ್ದರೆ ನನಗೆ ಇಲ್ಲಿ ಆರಾಮ. ಹೋಗಿ... ಪುನಃ ಬರಬೇಡಿ."

ದುಗ್ಗಪ್ಪ ಸೀಟಿ ಊದಿದ. ಅವಳು ಜನರನ್ನು ತಳ್ಳಿಕೊಂಡು ಹೋಗಿ ಬಸ್ಸು ಹತ್ತಿದಳು. ತಿರುಗಿ ನೋಡಲಿಲ್ಲ.

ಬಸ್ಸು ಬಂದ ಮೇಲೆ ಹೇಳಿದ ಮಾತು. ಅಂದರೆ ನಿಜ.

ಅವಳು ಮತ್ತೆ ತರಗತಿಯ ಕಡೆ ಹೋಗಲಿಲ್ಲ. ಮುಂದಿನ ವಾರ ಪೆಟ್ಟಿಗೆ ಹೊತ್ತುಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು.

ಬೆಂಗಳೂರಿನಲ್ಲಿ ಯಾರೂ ಅವಳ ಇಂಗ್ಲಿಷಿಗೆ ನಗಲಿಲ್ಲ. ನಕ್ಕರೂ ಅವಳಿಗೆ ತಾಗುತ್ತಿರಲಿಲ್ಲ. ಓದಿದಳು, ಬರೆದಳು, ಮೀಟಿಂಗುಗಳಲ್ಲಿ ಎದ್ದು ನಿಂತು ಮಾತಾಡಲು ಕಲಿತಳು. ಸಂಜೆಯಾಗುವಾಗ ಮಾತ್ರ ಕಾಲು ಯಾವುದೋ ಇಳಿಜಾರನ್ನು ಹುಡುಕುತ್ತಿತ್ತು. ಹಾಸ್ಟೆಲಿನ ಹೊರಗೆ ಬಸ್ಸು ನಿಂತ ಸದ್ದಾದರೆ ಸಾಕು, ಈಗ ಯಾರೋ ತನಗೊಂದು ನೇರ ಮಾತು ಹೇಳುತ್ತಾರೆ ಎಂದು ಒಂದು ಕ್ಷಣ ಅನ್ನಿಸುತ್ತಿತ್ತು.

'ಹೇಳಿ ಆಗಿದೆಯಲ್ಲ. ಪುನಃ ಬರಬೇಡಿ ಅಂತ.'

ಅವನನ್ನು ದ್ವೇಷಿಸಲು ನೋಡಿದಳು. ತನಗೆ ಸೀಟು ಸಿಗದ ಹೊಟ್ಟೆಕಿಚ್ಚಿನಲ್ಲಿ ಹೇಳಿದ್ದಿರಬೇಕು ಎಂದುಕೊಂಡಳು. ಆದರೆ ಇನ್ನೊಬ್ಬಳ ಮೇಲಿನ ನಗುವನ್ನು ತನ್ನ ಮೇಲೆ ಎಳೆದುಕೊಂಡವನಿಗೆ ಹೊಟ್ಟೆಕಿಚ್ಚು ಎಂದರೆ ಅವಳ ಮನಸ್ಸೇ ಒಪ್ಪುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಬಲ್ಮಠದ ದಾರಿಯನ್ನೇ ತಪ್ಪಿಸಿ ಓಡಾಡಿದಳು.

ಕೋರ್ಸು ಮುಗಿಸಿ ಬಂದಾಗ ಕೈಯಲ್ಲಿ ಎರಡು ಕೆಲಸಗಳಿದ್ದವು. ಒಂದು ಬೊಂಬಾಯಿಯ ಕಂಪೆನಿಯದು, ಇನ್ನೊಂದು ಮಂಗಳೂರಿನಲ್ಲೇ, ಒಂದು ಬ್ಯಾಂಕಿನ ಹೆಡ್ ಆಫೀಸಿನದು. ಕೆಲಸ ನೋಡಿದರೆ ಅವಳ ಮನಸ್ಸು ಬ್ಯಾಂಕಿನ ಕಡೆಗೇ ಇತ್ತು. ಅಮ್ಮನೂ ಹತ್ತಿರ. ಆದರೆ ಈ ಊರಿನಲ್ಲಿ ಆ ಬಸ್ ಸ್ಟಾಪ್ ಇದೆಯಲ್ಲ... ದಿನಾ ಅದರ ಮುಂದೆ ಹಾದುಹೋಗುವ ಧೈರ್ಯ ಅವಳಿಗಿರಲಿಲ್ಲ. ಸೋಮವಾರ ಬೊಂಬಾಯಿಗೆ ಒಪ್ಪಿಗೆ ಎಂದು ತಂತಿ ಕಳಿಸುವುದೆಂದು ನಿಶ್ಚಯ ಮಾಡಿಬಿಟ್ಟಳು.

ಶನಿವಾರ ಹಳೆಯ ಆಫೀಸಿನ ಗೆಳತಿ ಲಿಲ್ಲಿ ಅವಳನ್ನು ಬಲ್ಮಠದ ತನ್ನ ಮನೆಗೆ ಊಟಕ್ಕೆ ಕರೆದಳು. ಇಲ್ಲ ಎನ್ನಲಾಗಲಿಲ್ಲ. ಸಂಜೆ ಬೀಳ್ಕೊಡಲು ಲಿಲ್ಲಿ ಸ್ಟಾಪಿನವರೆಗೂ ಬಂದಳು. ಗುಣವತಿ ಬೇಕೆಂದೇ ಇಳಿಜಾರಿಗೆ ಬೆನ್ನು ಹಾಕಿ ನಿಂತಳು. ಲಿಲ್ಲಿಯ ಬಾಯಿಗೆ ಬಿಡುವಿರಲಿಲ್ಲ. ಯೂಸ್ಟೇಸ್ ಸರ್‌ಗೆ ಕಣ್ಣು ಮಂಜಾಗಿ, ಈಗ ಸಂಜೆ ತರಗತಿಯನ್ನು ಅವರ ಹಳೆಯ ವಿದ್ಯಾರ್ಥಿಯೊಬ್ಬ ತೆಗೆದುಕೊಳ್ಳುತ್ತಾನಂತೆ. ಮಕ್ಕಳು ಅವನನ್ನು ಉಲ್ಟಾ ಮಾಷ್ಟ್ರು ಎಂದು ಕರೆಯುವುದಂತೆ. ಇನ್ನೂ ಮದುವೆ ಆಗಿಲ್ಲವಂತೆ.

ಗುಣವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಬಸ್ಸು ಬಂತು ನೋಡೆ," ಎಂದಳು ಲಿಲ್ಲಿ.

ಗುಣವತಿ ಬೆಚ್ಚಿ ತಿರುಗಿದಳು. ಬಸ್ಸು ಅವಳ ಬೆನ್ನ ಹಿಂದೆಯೇ ನಿಂತಿತ್ತು! ಯಾವಾಗ ಬಂತು?

"ಎಂತ ಅಕ್ಕ, ಬೆಂಗಳೂರಿಗೆ ಹೋಗಿ ಕಿವಿ ಮಂದ ಆಯಿತಾ?" ದುಗ್ಗಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ. "ನಮ್ಮ ಡ್ರೈವರ್ ಈ ಇಳಿಜಾರಿನಲ್ಲಿ ಯಾವಾಗ ಇಂಜಿನ್ ಚಾಲೂ ಇಟ್ಟಿದ್ದಾನೆ? ಬಂದ್ ಮಾಡಿ ಜಾರಿಸಿಕೊಂಡೇ ಬರುವುದಲ್ಲವಾ?"

ಗುಣವತಿ ನಿಂತಲ್ಲೇ ನಿಂತಳು.

ಬೆನ್ನು ಹಾಕಿ ನಿಂತವರಿಗೆ ಈ ಬಸ್ಸು ಬಂದದ್ದು ಕೇಳುವುದಿಲ್ಲ. ಅದಕ್ಕೇ ಅಲ್ಲವೇ ಬಸ್ಸು ಬಂತೆಂದು ಹೇಳುವ ಕೆಲಸ ತನಗಿದ್ದದ್ದು? ಆ ಸಂಜೆ ಬಸ್ಸು ಕಂಡಿತ್ತು, ಎದೆ ಬಡಿದುಕೊಂಡಿತ್ತು, ಕೇಳಬೇಕಾದ್ದನ್ನು ಕೇಳಿಬಿಟ್ಟಿದ್ದಳು.

ಆದರೆ ಬಸ್ಸು ಬಂತೆಂದು ಹೇಳಿರಲಿಲ್ಲ.

ಪ್ರತಿ ಉತ್ತರವನ್ನೂ ಎರಡೆರಡು ಸಲ ನೋಡುತ್ತಿದ್ದವಳು ಅದೊಂದನ್ನು ನೋಡದೆ ಬಿಟ್ಟಿದ್ದಳು. ಅವನ ಮಟ್ಟಿಗೆ ಆಟ ಇನ್ನೂ ಮುಗಿದಿರಲಿಲ್ಲ. ಸಂತೋಷ. ಆರಾಮ. ಹೋಗಿ. ಪುನಃ ಬರಬೇಡಿ... ಒಂದೊಂದೇ ಮಾತನ್ನು ಅವಳು ಮಗುಚಿ ನೋಡಿದಳು. ಕಣ್ಣು ತುಂಬಿ ಬಂತು.

"ಬಸ್ಸು ಇಲ್ಲುಂಟು ಮಾರಾಯ್ತಿ, ನೀನು ಆಚೆ ಎಲ್ಲಿಗೆ?" ಲಿಲ್ಲಿ ಹಿಂದಿನಿಂದ ಕೇಳುತ್ತಿದ್ದಳು.

ಗುಣವತಿ ಇಳಿಜಾರು ಹತ್ತುತ್ತಿದ್ದಳು.

ತರಗತಿ ಬಿಟ್ಟು ಹುಡುಗರು ಇಳಿದು ಹೋದರು. ಕೊನೆಗೆ ಚಿತ್ತರಂಜನ ಬಂದ. ಮೆಟ್ಟಿಲಿನ ಬುಡದಲ್ಲಿ ಅವಳನ್ನು ಕಂಡು ನಿಂತುಬಿಟ್ಟ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಹಾಕಿ, ಪುನಃ ತೆಗೆದು, ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡ. ಇಬ್ಬರೂ ಇಳಿಜಾರು ಇಳಿಯತೊಡಗಿದರು.

"ಆ ದಿನ ಬಸ್ಸು ಬಂದಿತ್ತು," ಎಂದಳು ಅವಳು. "ನಾನು ಹೇಳಲಿಲ್ಲ."

"ಗೊತ್ತುಂಟು. ಸೀಟಿ ಕೇಳಿ ತಿರುಗಿದೆ. ಅರ್ಥ ಆಗುವಾಗ ನೀವು ಹತ್ತಿ ಆಗಿತ್ತು."

"ಗೊತ್ತಿದ್ದೂ ಸುಮ್ಮನೆ ಇದ್ದಿರಾ?"

ಅವಳು ಬೆಂಗಳೂರಿಗೆ ಹೊರಟ ಬೆಳಿಗ್ಗೆ ತಾನೂ ಬಸ್ ಸ್ಟ್ಯಾಂಡಿಗೆ ಬಂದಿದ್ದೆನೆಂದು ಅವನು ತಗ್ಗಿದ ಸ್ವರದಲ್ಲಿ ಹೇಳಿದ. ಅವಳು ಅಮ್ಮನ ಜೊತೆ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದಳಂತೆ. ಅವನು ಚಾದಂಗಡಿಯ ಮರೆಯಿಂದ ಈಚೆ ಬರಲಿಲ್ಲವಂತೆ.

"ನಿಜ ಹೇಳಿದ್ದರೆ ನೀವು ಹೋಗದೆ ಪೆಟ್ಟಿಗೆ ಇಳಿಸ್ತಿದ್ದಿರಿ."

"ಅದನ್ನು ತೀರ್ಮಾನ ಮಾಡಲಿಕ್ಕೆ ನೀವು ಯಾರು?"

ಅವಳ ಸ್ವರ ಆ ಮೊದಲ ದಿನದಂತೆಯೇ ನಡುಗಿತು. ಇಳಿಸುತ್ತಿದ್ದೆನೋ ಏನೋ ಎಂದು ಅವಳಿಗೂ ಅನ್ನಿಸಿತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

"ಎರಡು ವರ್ಷ ನಾನು ಅದನ್ನು ನಿಜ ಅಂತ ಇಟ್ಟುಕೊಂಡಿದ್ದೆ."

"ತಪ್ಪಾಯಿತು," ಎಂದ ಅವನು. "ನಿಜ ಹೇಳಿ, ಆದರೂ ಹೋಗಿ ಬನ್ನಿ ಅಂತಲೂ ನಾನೇ ಹೇಳಬೇಕಿತ್ತು. ನನಗೆ ಅಷ್ಟು ಧೈರ್ಯ ಇರಲಿಲ್ಲ."

ಸ್ಟಾಪಿನಲ್ಲಿ ಅವನು ಹಳೆಯ ಅಭ್ಯಾಸದಂತೆ ರಸ್ತೆಗೆ ಬೆನ್ನು ಹಾಕಿ ನಿಂತ. ಬೊಂಬಾಯಿಯ ಕೆಲಸದ ವಿಷಯ ಅವಳು ತಿಳಿಸಿದಳು. ಸೋಮವಾರ ಉತ್ತರ ಕೊಡಬೇಕೆಂದೂ ಹೇಳಿದಳು. ಅವನ ಮುಖ ಬಾಡಿತು. ಒಳ್ಳೆಯದಾಯಿತು ಎಂದ. ಆಟದ ಮಾತೋ ಅಲ್ಲವೋ ಎಂದು ಅವಳು ಕೇಳಲಿಲ್ಲ. ಅವನ ಹೆಗಲಾಚೆಗೆ ನೋಡುತ್ತಾ ಕಾದಳು.

ಇಳಿಜಾರಿನಲ್ಲಿ ಬಸ್ಸು ಸದ್ದಿಲ್ಲದೆ ಜಾರಿ ಬಂದು ನಿಂತಿತು.

"ಬಸ್ಸು ಬಂತು," ಎಂದಳು ಗುಣವತಿ.

ಅವನು ತಿರುಗಿ ಬಸ್ಸನ್ನು ನೋಡಿದ. ಮತ್ತೆ ಅವಳನ್ನು ನೋಡಿದ.

"ಹೋಗಬೇಡ, ಗುಣ... ನೀನಿಲ್ಲದೆ ನನಗೆ ಆಗುವುದಿಲ್ಲ."

ಬಾಗಿಲಲ್ಲಿದ್ದ ಕಂಡಕ್ಟರ್ ಹತ್ತುವುದುಂಟಾ ಎಂದು ಕೇಳಿದ. ಮುಂದಿನದಕ್ಕೆ ಬರ್ತೇನೆ ಎಂದಳು ಅವಳು. ಸೀಟಿ ಕೂಗಿತು, ಬಸ್ಸು ಹೋಯಿತು. ಇಬ್ಬರೂ ಅಲ್ಲೇ ಉಳಿದರು.

"ಬೊಂಬಾಯಿಗೆ ಎಂತ ಉತ್ತರ ಕೊಡ್ತಿ?"

"ಇಲ್ಲ ಅಂತ."

"ಮತ್ತೆ ನನಗೆ?"

ಗುಣವತಿ ಅವನ ಕೈಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಮೆಲ್ಲಗೆ ತೆಗೆದುಕೊಂಡಳು.

"ಅದರ ವಿರುದ್ಧ ಪದ."