ನೀರು ಬೇಡದ ಗಿಡಗಳು

ಗೇಟು ದಾಟಿ ಬಂದವನು ಬೆಲ್ ಒತ್ತಲಿಲ್ಲ. ಬಗ್ಗಿ ಅಂಗಳದ ಇಂಟರ್‌ಲಾಕ್ ಕಲ್ಲಿನ ಮೇಲೆ ಅಂಗೈ ಇಟ್ಟ, ತಟ್ಟನೆ ಎತ್ತಿ ಊದಿಕೊಂಡ.

“ಎಂತ ಬೇಕಿತ್ತು?” ಎಂದೆ ಜಗಲಿಯಿಂದಲೇ. ಮೀಟರ್ ನೋಡಲು ಬಂದವನು ಅಂದುಕೊಂಡಿದ್ದೆ.

“ಇದರ ಮೇಲೆ ನೀರ್‌ದೋಸೆ ಹೊಯ್ಯಬಹುದು, ಗೊತ್ತುಂಟಾ?”

“ನೀವು ಹೋಟೆಲಿನವರಾ?”

“ಅಲ್ಲ, ಗಾರ್ಡನ್‌ನವ. ಉದಯ, ಕಲ್ಲುಗುಂಡಿಯಿಂದ. ಹನಾನ್ ಟೀಚರ್ ನೀವೇ ಅಲ್ವಾ, ಫೋನ್ ಮಾಡಿದ್ದು?”

ಮಾಡಿದ್ದು ನಾನೇ. ಸೌದಿಯ ದಮ್ಮಾಮಿನಲ್ಲಿರುವ ಅಣ್ಣ ಸಿದ್ದೀಕ್ ರಜೆಗೆ ಬಂದಾಗ ಪುತ್ತೂರು ದರ್ಬೆಯ ನಮ್ಮ ಮನೆಯಂಗಳಕ್ಕೆ ಅರ್ಧ ಇಂಟರ್‌ಲಾಕ್, ಅರ್ಧ ಲಾನ್ ಹಾಕಿಸಿ ಹೋಗಿದ್ದ. ಲಾನ್ ದಿನಾ ನೀರು ಕುಡಿದೂ ಮಾರ್ಚ್ ಬರುವಷ್ಟರಲ್ಲಿ ಒಣಗಿತು. ಉಮ್ಮನಿಗೆ ಮೊಣಕಾಲು ನೋವು, ನನಗೆ ದಿನವಿಡೀ ಶಾಲೆ. ಹೆಚ್ಚು ಆರೈಕೆ ಬೇಡದ, ಈ ಊರಿನದೇ ಗಿಡಗಳ ಅಂಗಳ ಮಾಡಿಕೊಡುವವರನ್ನು ಹುಡುಕುತ್ತಿದ್ದೆ.

ಅವನು ಮಣ್ಣು ನೋಡಿದ, ನೆರಳು ನೋಡಿದ, ಕೊನೆಗೆ ನನ್ನ ಕಡೆ ನೋಡಿದ.

“ಕೆಂಪು ಹೂವಿನ ಕೇಪುಳ, ನೆಕ್ಕರೆ, ಲಾವಂಚ, ಆ ಮೂಲೆಗೊಂದು ರಂಜೆ ಮರ. ಮಳೆ ಶುರುವಾಗುವಾಗ ನೆಡುವ. ಬರುವ ಬೇಸಿಗೆ ದಾಟುವವರೆಗೆ ನಾನು ಬಂದು ನೋಡ್ತೇನೆ. ಮತ್ತೆ ನಾನು ಬೇಡ.”

“ಬೇಡ ಅಂದ್ರೆ?”

“ಮತ್ತೂ ನಾನು ಬರಬೇಕಾದ್ರೆ ನನ್ನ ಕೆಲಸ ಸರಿ ಆಗ್ಲಿಲ್ಲಾಂತ ಲೆಕ್ಕ, ಟೀಚರ್.”

ಆ ಮಾತು ಅಂದು ನನಗೆ ಬಹಳ ಇಷ್ಟವಾಯಿತು. ಎಂಥ ದಡ್ಡಿ ನಾನು.

ನಾನು ಅವನನ್ನು ಉದಯಣ್ಣ ಎಂದೇ ಕರೆದೆ. ನಮ್ಮಲ್ಲಿ ಬಸ್ಸಿನ ಕಂಡಕ್ಟರ್, ಮೀನು ತರುವವರು, ಪ್ಲಂಬರ್, ಎಲ್ಲರೂ ಅಣ್ಣಂದಿರೇ. ಹೆಸರಿನ ಕೊನೆಗೆ ಅದೊಂದು ಇದ್ದರೆ ಬ್ಯಾರಿ ಹುಡುಗಿಯೊಬ್ಬಳು ಗೌಡರ ಹುಡುಗನ ಜೊತೆ ಅಂಗಳದಲ್ಲಿ ನಿಂತು ಮಾತಾಡಿದರೂ ರಸ್ತೆಯವರು ತಲೆ ಎತ್ತುವುದಿಲ್ಲ.

ಮಳೆಗಾಲದ ಭಾನುವಾರಗಳಲ್ಲಿ ಅವನ ಪಿಕಪ್ ಬರುತ್ತಿತ್ತು. ಇಂಟರ್‌ಲಾಕ್ ಕಿತ್ತ ಜಾಗದಲ್ಲಿ ಅವನು ಗುಂಡಿ ತೋಡುವಾಗ ನಾನು ಕೊಡೆ ಹಿಡಿದು ಉಸ್ತುವಾರಿಗೆ ನಿಲ್ಲುತ್ತಿದ್ದೆ.

“ಗುಂಡಿ ನೋಡುದಾ ಟೀಚರ್, ನನ್ನನ್ನು ನೋಡುದಾ?”

“ಗುಂಡಿ ಸೊಟ್ಟ ಉಂಟು, ಉದಯಣ್ಣ.”

“ರೌಂಡ್ ಗುಂಡಿ ಸೊಟ್ಟ ಆಗುದು ಹೇಗೆ?”

ನಗುವ ಮೊದಲು ಅವನು ಒಮ್ಮೆ ನೆಲ ನೋಡುತ್ತಿದ್ದ. ಮತ್ತೆ ಕಣ್ಣೆತ್ತುತ್ತಿದ್ದ. ನಡುವಿನ ಆ ಅರೆಕ್ಷಣಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ ಎಂದು ನನಗೇ ತಿಳಿಯುವಷ್ಟರಲ್ಲಿ ತಡವಾಗಿತ್ತು.

ಮಳೆ ನಿಂತ ಮೇಲೆ ಒಮ್ಮೆ ಊರಿನಿಂದ ಎಲೆಯಲ್ಲಿ ಕೇಪುಳದ ಹಣ್ಣು ಕಟ್ಟಿ ತಂದ. ಕೈಗೆ ಕೊಡಲಿಲ್ಲ, ಜಗಲಿಯ ದಂಡೆಯಲ್ಲಿಟ್ಟು ಹಿಂದೆ ಸರಿದ. ಎತ್ತಿಕೊಂಡಾಗ ಎಲೆಯಲ್ಲಿ ಅವನ ಕೈಯ ಬಿಸಿ ಇನ್ನೂ ಇತ್ತು. ಹಣ್ಣು ಒಗರು. ಒಂದೂ ಬಿಡದೆ ತಿಂದೆ.

ಫೆಬ್ರವರಿಯಲ್ಲಿ ಅವನು ಗಿಡಗಳ ನಡುವೆ ಸುತ್ತಿ ಬಂದು, “ಎಲ್ಲ ಬೇರು ಹಿಡಿದಿದೆ. ಈ ಬೇಸಿಗೆಗೆ ಇನ್ನೊಂದ್ಸಲ ಬಂದ್ರೆ ಸಾಕು” ಎಂದ. ಒಳ್ಳೆಯ ಸುದ್ದಿ ಹೇಳುವವನ ಮುಖ ಅದಾಗಿರಲಿಲ್ಲ.

ಮರುದಿನ ಶಾಲೆಯಿಂದ ಬಂದವಳು ಪೈಪ್ ಹಿಡಿದೆ. ನೀರು ಬೇಡದ ಗಿಡಗಳಿಗೆ, ಬುಡದಲ್ಲಿ ಕೆಸರು ನಿಲ್ಲುವಷ್ಟು ನೀರು. ದಿನಾ. “ಆ ಹುಡುಗ ಬೇಡ ಹೇಳಿದ್ದಲ್ವಾ?” ಎಂದು ಉಮ್ಮ ಗೊಣಗಿದರು. ಕೆಲವೇ ವಾರಗಳಲ್ಲಿ ಗೋಡೆ ಬದಿಯ ಕೇಪುಳಗಳು ಹಳದಿಯಾಗಿ ಬಾಗಿದವು.

ಅವನು ಬಂದ. ಬುಡಕ್ಕೆ ಬೆರಳು ಹಾಕಿ ಮಣ್ಣು ಮೂಸಿದ.

“ಬೇರು ಕೊಳೆತಿದೆ. ಇಷ್ಟು ನೀರು ಯಾರು ಹಾಕಿದ್ದು?”

“ಮಳೆ.”

“ಮಾರ್ಚಲ್ಲಿ?”

ಈ ಸಲ ಅವನು ನೆಲ ನೋಡಲಿಲ್ಲ, ನನ್ನನ್ನೇ ನೋಡಿದ.

“ಗಿಡ ಸತ್ತರೆ ನೀವು ಬರಬೇಕಲ್ಲ,” ಎಂದೆ. “ಬರಬೇಕಲ್ಲ, ಉದಯ.”

ಅಣ್ಣ ಎನ್ನಲಿಲ್ಲ. ಅವನ ಕೈಯ ಮಣ್ಣು ಕೈಯಲ್ಲೇ ಉಳಿಯಿತು.

“ನಾನೂ ಹಾಗೇ,” ಎಂದ. “ಕಲ್ಲುಗುಂಡಿಯಿಂದ ಇಲ್ಲಿವರೆಗೆ ಒಂದೇ ಯೋಚನೆ, ಒಂದಾದ್ರೂ ಗಿಡ ಬಾಡಿರಲಿ ಅಂತ. ನಾನೇ ನೆಟ್ಟ ಗಿಡ, ಹನಾನ್.” ಎದ್ದು ನಿಂತ. “ಬೇರೆ ಸಸಿ ತರ್ತೇನೆ. ಆದ್ರೆ ಇನ್ನು ಹಾಗೆ ಅಣ್ಣ ಬಿಟ್ಟು ಕರೆಯಬೇಡಿ. ಮತ್ತೆ ನಾನು ಹಿಂದೆ ಹೋಗುದು ಹೇಗೆ?”

ನನ್ನ ಬದುಕಿನಲ್ಲಿ ಪ್ರೀತಿ ಅಂತ ಇದ್ದದ್ದು ಅಷ್ಟೇ ಹೊತ್ತು. ಎದುರು ಅಂಗಡಿಯ ಬೆಂಚಿನಲ್ಲಿ ಕೂತವರು ಅಷ್ಟನ್ನೂ ನೋಡಿದರು.

ಸಂಜೆಯೊಳಗೆ ಅವರು ತೆಗೆದ ಫೋಟೋ ದಮ್ಮಾಮಿಗೆ, ಅಣ್ಣನಿಗೆ ತಲುಪಿತು. ಕಲ್ಲುಗುಂಡಿಯಲ್ಲಿ ಬೈಕಿನಲ್ಲಿ ಬಂದ ಇಬ್ಬರು ಉದಯನ ಅಪ್ಪ ತೀರ್ಥರಾಮರನ್ನು ನಿಲ್ಲಿಸಿ, ಮಗನಿಗೆ ಪುತ್ತೂರಲ್ಲಿ ಎಂತ ಕೆಲಸ ಎಂದು ಕೇಳಿ ಹೋದರಂತೆ. ಅದನ್ನು ಅವನು ಮೆಸೇಜಿನಲ್ಲಿ ತಿಳಿಸಿದ್ದ, ಕೊನೆಗೊಂದು ನಗುವ ಮುಖ ಬೇರೆ ಹಾಕಿ.

ಸಿದ್ದೀಕ್ ರಜೆ ಹಾಕಿ ಬಂದ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ, ನನ್ನ ಪಕ್ಕ ಕೂತ.

“ಹೊಡೆಯುವವರು ಎರಡೂ ಕಡೆ ಉಂಟು, ಹನಾನ್. ನಿನಗೆ ನಾನಿದ್ದೇನೆ. ಅವನಿಗೆ ಯಾರುಂಟು?”

ಬರಬೇಡಿ ಎಂದು ಉದಯನಿಗೆ ಮೆಸೇಜ್ ಹಾಕಿದೆ. ಅವನು ಬಂದ, ಕೊಟ್ಟ ಮಾತಿನಂತೆ ಸಸಿಗಳನ್ನು ತುಂಬಿಕೊಂಡು.

ಅವನು ಕೊನೆಯ ಕೇಪುಳ ನೆಟ್ಟು ಮಣ್ಣು ಒತ್ತುವಾಗ ಎದುರು ಅಂಗಡಿಯ ನೌಷಾದ್, ಹಿಂದೆ ಇನ್ನೂ ನಾಲ್ಕೈದು ಮಂದಿ, ಗೇಟಿನ ಒಳಗೇ ಬಂದರು. ಪಿಕಪ್‌ನ ಮುಂದೆ ಒಬ್ಬ ಹೋಗಿ ನಿಂತ. ಸಿದ್ದೀಕ್ ಅಡ್ಡ ಹೋದರೂ ನೌಷಾದ್ ಕೇಳಿದ್ದು ನನ್ನನ್ನು.

“ಇವ ಇಷ್ಟು ಸಲ ಬರುದು ಯಾಕೆ? ನಿನಗೆ ಯಾರಿವ?”

ಉಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಉದಯ ನೆಲ ನೋಡಿದ. ಮತ್ತೆ ಕಣ್ಣೆತ್ತಿದ. ನಗಲಿಲ್ಲ.

ಹೇಳಬೇಕಾದ ಹೆಸರು ನನ್ನ ಬಾಯಲ್ಲೇ ಇತ್ತು. ಹಾಗೆ ಹೇಳಿದ್ದರೆ ಅವನು ಆ ಗೇಟು ದಾಟುತ್ತಿರಲಿಲ್ಲ.

“ಉದಯಣ್ಣ,” ಎಂದೆ. “ಗಿಡದ ಕೆಲಸದವರು. ನನಗೆ ಅಣ್ಣನ ಹಾಗೆ.”

ಪಿಕಪ್‌ನ ಮುಂದೆ ನಿಂತವನು ಬದಿಗೆ ಸರಿದ. ಉದಯ ಹಾರೆ, ಬುಟ್ಟಿ ಎತ್ತಿಟ್ಟ, ಕೈ ಕೊಡವಿದ. ಹೊರಡುವ ಮೊದಲು ಎಲ್ಲರಿಗೂ ಕೇಳುವಂತೆ ಹೇಳಿದ:

“ಇನ್ನು ನೀರು ಹಾಕಬೇಡಿ. ಬರ್ತೇನೆ, ತಂಗಿ.”

ಅದಾಗಿ ಮಳೆ ಬಂತು, ಮತ್ತೊಂದು ಬೇಸಿಗೆಯೂ ಬಂದು ಹೋಯಿತು. ಕೇಪುಳ ಗೋಡೆಯ ಎತ್ತರಕ್ಕೆ ಬಂದಿದೆ, ಇಂಥ ಅಂಗಳ ಮಾಡಿಕೊಟ್ಟವರು ಯಾರು ಎಂದು ಶಾಲೆಯ ಟೀಚರುಗಳು ನಂಬರ್ ಕೇಳುತ್ತಾರೆ. ಪೈಪನ್ನು ನಾನು ಮುಟ್ಟಿಲ್ಲ. ಸಂಜೆ ಶಾಲೆಯಿಂದ ಬಂದು ಒಂದೊಂದೇ ಗಿಡದ ಬಳಿ ಬಗ್ಗಿ, ಯಾವುದಾದರೂ ಬಾಡಿದೆಯಾ ಎಂದು ನೋಡುತ್ತೇನೆ.

ಒಂದೂ ಸಾಯಲಿಲ್ಲ.